ಮೊಳದ ಮಲ್ಲಿಗೆಯಿಂದ ಸೀಸೆಯ ಪರ್ಫ್ಯೂಮ್‌ವರೆಗೆ: ಬಿಳಿ ಹೂವಿನ ಪರಿಮಳದ ಚರಿತ್ರೆ



ಕನ್ನಡದಲ್ಲಿ ಅದು ಸುಗಂಧರಾಜ, ಮರಾಠಿಯಲ್ಲಿ ನಿಶಿಗಂಧ, ಹಿಂದಿಯಲ್ಲಿ ರಜನೀಗಂಧಾ. ನಮ್ಮ ಪುಣೆಯ ಯಾವ ಹೂವಿನಂಗಡಿಯ ಮುಂದೆ ನಿಂತರೂ ಬಕೆಟ್ಟಿನಲ್ಲಿ ಅದರ ಉದ್ದನೆಯ ಕಡ್ಡಿಗಳ ಕಟ್ಟು ಇದ್ದೇ ಇರುತ್ತದೆ. ಮದುವೆಯ ಹಾರಕ್ಕೂ ಅದೇ, ಅಂತಿಮ ದರ್ಶನದ ಹಾರಕ್ಕೂ ಅದೇ. ಇಷ್ಟೊಂದು ನಮ್ಮದಾಗಿ ಹೋಗಿರುವ ಈ ಹೂವು ಹುಟ್ಟಿದ್ದು ಮೆಕ್ಸಿಕೋದಲ್ಲಿ. ಅಲ್ಲಿನ ಅಜ್ಟೆಕ್ ಜನ ಅದನ್ನು 'ಮೂಳೆಯ ಹೂವು' ಎಂಬ ಅರ್ಥದ ಹೆಸರಿನಿಂದ ಕರೆಯುತ್ತಿದ್ದರು. 16ನೇ ಶತಮಾನದಲ್ಲಿ ಸ್ಪೇನಿನವರ ಹಡಗುಗಳೊಂದಿಗೆ ಯುರೋಪಿಗೆ ಹೋಗಿ, ಮುಂದೆ ನಮ್ಮ ದೇಶಕ್ಕೂ ಬಂತು. ಸಸ್ಯವಿಜ್ಞಾನಿಗಳು ಈಗ ಅದನ್ನು ನಮ್ಮ ಬೇಲಿಯ ಕತ್ತಾಳೆಯ ಕುಲಕ್ಕೇ ಸೇರಿಸಿದ್ದಾರೆ!

ಈ ಸುಗಂಧರಾಜ, ಮಲ್ಲಿಗೆ, ಜಾಜಿ, ಕಹಿ ಕಿತ್ತಳೆಯ ಹೂವು, ಗಾರ್ಡೇನಿಯಾ ಇವುಗಳ ಸುತ್ತ ಕಟ್ಟಿದ ಪರ್ಫ್ಯೂಮ್‌ಗಳಿಗೆ ಅಂಗಡಿಗಳಲ್ಲಿ 'ವೈಟ್ ಫ್ಲೋರಲ್' ಎಂದು ಹೆಸರು. ಮಾಲ್‌ನಲ್ಲೋ ವಿಮಾನ ನಿಲ್ದಾಣದಲ್ಲೋ ಮಾರಾಟದ ಹುಡುಗಿ ಕಾಗದದ ಪಟ್ಟಿಯ ಮೇಲೆ ಸಿಂಪಡಿಸಿ ಕೊಟ್ಟಾಗ, "ಅರೆ, ಇದು ನಮ್ಮ ಹೂವಿನ ವಾಸನೆಯಲ್ಲವೇ!" ಎಂದು ನಿಮ್ಮಲ್ಲಿ ಅನೇಕರಿಗೆ ಅನ್ನಿಸಿರಬಹುದು. ಆ ಹೂವು ಸೀಸೆಯೊಳಗೆ ಹೋದದ್ದು ಹೇಗೆ, ಅದನ್ನು ಹಚ್ಚಿಕೊಂಡಾಗ ಮೈಮೇಲೆ ಏನಾಗುತ್ತದೆ, ಯಾವ ಹೆಣ್ಣು ಅದನ್ನು ಹಚ್ಚಬಹುದು ಎಂದು ಯಾರು ಯಾರು ತೀರ್ಮಾನಿಸಿದರು ಎಂಬುದೇ ಈ ಬರಹದ ವಿಷಯ. ಮೂರನೆಯ ಪ್ರಶ್ನೆಯೇ ಮುಖ್ಯವಾದದ್ದು. ಅದಕ್ಕೆ ಹೋಗಲು ಮೊದಲೆರಡನ್ನು ದಾಟಬೇಕು.

ಬಿಳಿ ಹೂವು ಸಂಜೆಯೇ ಏಕೆ ಘಮಘಮಿಸುತ್ತದೆ?

ಕೆಂಪು, ಹಳದಿ ಹೂಗಳು ಹಗಲಿನಲ್ಲಿ ಬಣ್ಣದಿಂದಲೇ ಜೇನ್ನೊಣವನ್ನು, ಚಿಟ್ಟೆಯನ್ನು ಕರೆಯುತ್ತವೆ. ರಾತ್ರಿ ಅರಳುವ ಹೂವಿಗೆ ಆ ಅನುಕೂಲ ಇಲ್ಲ. ಅದರ ಅತಿಥಿಗಳು ರಾತ್ರಿ ಹಾರುವ ಪತಂಗಗಳು. ಮಬ್ಬಿನಲ್ಲಿ ಕಾಣಲು ಬಿಳಿ ಬಣ್ಣ ಬೇಕು, ದೂರದಿಂದ ಕರೆಯಲು ಗಾಢವಾದ ಪರಿಮಳ ಬೇಕು. ಹಾಗಾಗಿಯೇ ಮಲ್ಲಿಗೆ, ಸುಗಂಧರಾಜ, ಪಾರಿಜಾತ, ರಾತ್ರಿರಾಣಿ ಎಲ್ಲವೂ ಬಿಳಿ, ಎಲ್ಲವೂ ಕತ್ತಲಾದ ಮೇಲೆ ಹೆಚ್ಚು ಕಮ್ಮನೆ ಕಂಪು ಬೀರುತ್ತವೆ.

ಈ ಪರಿಮಳ ಒಂದೇ ವಸ್ತುವಿನಿಂದ ಬರುವುದಿಲ್ಲ. ಮಲ್ಲಿಗೆಯಲ್ಲಿ ಹಣ್ಣಿನಂತೆ ಸಿಹಿಯಾದ ಬೆಂಜೈಲ್ ಅಸಿಟೇಟ್ ಇದೆ, ತಿಳಿಯಾದ ಲಿನಲೂಲ್ ಇದೆ, ಮಲ್ಲಿಗೆಯ ಹೆಸರನ್ನೇ ಪಡೆದ ಜಾಸ್ಮೋನ್ ಇದೆ. ಸುಗಂಧರಾಜದಲ್ಲಿ ನೋವಿನ ಮುಲಾಮುಗಳಲ್ಲಿರುವ ಮೀಥೈಲ್ ಸ್ಯಾಲಿಸಿಲೇಟ್ ಇದೆ. ಆದ್ದರಿಂದಲೇ ತಾಜಾ ಸುಗಂಧರಾಜವನ್ನು ಮೂಗಿಗೆ ಹಿಡಿದಾಗ ಮೊದಲು ಒಂದು ಕ್ಷಣ ತಣ್ಣಗೆ, ಔಷಧಿಯಂತೆ ಅನ್ನಿಸುತ್ತದೆ. ಅದರ ಹಿಂದೆಯೇ ಲ್ಯಾಕ್ಟೋನ್ ಎಂಬ ಗುಂಪಿನ ವಸ್ತುಗಳಿಂದ ತೆಂಗಿನ ಹಾಲಿನಂತಹ, ಬೆಣ್ಣೆಯಂತಹ ಜಿಡ್ಡು ಪರಿಮಳ ಬರುತ್ತದೆ.

ಇವೆಲ್ಲದರ ಅಡಿಯಲ್ಲಿ ಒಬ್ಬ ವಿಚಿತ್ರ ನೆಂಟ ಕೂತಿದ್ದಾನೆ, ಅವನ ಹೆಸರು ಇಂಡೋಲ್. ಮಲ್ಲಿಗೆಯ ಸಾರದಲ್ಲಿ ಇದು ಶೇಕಡಾ 2ರಿಂದ 3ರಷ್ಟು ಇರುತ್ತದೆ. ಒಂಟಿಯಾಗಿ ಮೂಸಿದರೆ ನುಸಿಗುಳಿಗೆಯ ನೆನಪು ಬರುತ್ತದೆ. ಮಲದಲ್ಲಿಯೂ ಇದೇ ಇಂಡೋಲ್ ಇದೆ. ಆದರೆ ಇದನ್ನು ಪೂರ್ತಿ ತೆಗೆದುಬಿಟ್ಟರೆ ಮಲ್ಲಿಗೆ ಸೋಪಿನ ವಾಸನೆಯಂತೆ ಚಪ್ಪಟೆಯಾಗಿಬಿಡುತ್ತದೆ. ನಿನ್ನೆ ಮುಡಿದು ದಿಂಬಿನ ಪಕ್ಕ ಬಿಟ್ಟ ಮಾಲೆ ಬೆಳಿಗ್ಗೆ ಬೀರುವ ಆ ಭಾರವಾದ, ತುಸು ಕೊಳೆತಂತಹ ವಾಸನೆಯಲ್ಲಿ ಇಂಡೋಲ್‌ನ ಪಾಲು ದೊಡ್ಡದು. ಬಿಳಿ ಹೂವಿನ ಮೋಡಿಯೂ, ಅದರ ಮೇಲೆ ಬಂದ ಅಪವಾದಗಳೂ ಬಹುಮಟ್ಟಿಗೆ ಇವನಿಂದಲೇ.

ನಮ್ಮವರ ಗಂಧಯುಕ್ತಿ

ಪರಿಮಳದ ವಿದ್ಯೆಗೆ ನಮ್ಮ ಹಳೆಯ ಗ್ರಂಥಗಳು ಇಟ್ಟ ಹೆಸರು ಗಂಧಯುಕ್ತಿ. 6ನೇ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಕಾಲೇಜಿನಲ್ಲಿ ಕಾಂಬಿನೇಶನ್ ಲೆಕ್ಕ ಮಾಡಿದವರಿಗೆ ಇದು ಖುಷಿ ಕೊಡುವ ಅಧ್ಯಾಯ. 16 ಸುಗಂಧ ದ್ರವ್ಯಗಳಲ್ಲಿ ಯಾವುದಾದರೂ ನಾಲ್ಕನ್ನು ಆರಿಸಿದರೆ ಎಷ್ಟು ಬಗೆಯ ಮಿಶ್ರಣ ಆಗುತ್ತದೆ ಎಂದು ಅವನು ಲೆಕ್ಕ ಹಾಕಿ 1820 ಎಂದು ಹೇಳಿದ್ದಾನೆ. ನೀವೂ ಕ್ಯಾಲ್ಕುಲೇಟರ್ ಹಿಡಿದು ನೋಡಿ, ಉತ್ತರ ಸರಿಯಾಗಿಯೇ ಇದೆ. ಪರ್ಫ್ಯೂಮ್ ಎಂದರೆ ಪ್ರಮಾಣಗಳ ಆಟ ಎಂಬುದು ಇಂದು ಪ್ಯಾರಿಸ್ಸಿನಲ್ಲಿ ತೂಕದ ಯಂತ್ರದ ಮುಂದೆ ಕೂತವರಿಗೆ ಎಷ್ಟು ಗೊತ್ತೋ ಅವನಿಗೂ ಅಷ್ಟೇ ಗೊತ್ತಿತ್ತು.

ಕನ್ನಡದ ಕೊಡುಗೆಯೂ ಇದರಲ್ಲಿದೆ. ಸುಮಾರು 1025ರಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಚಾವುಂಡರಾಯ ಬರೆದ ಲೋಕೋಪಕಾರದಲ್ಲಿ ಅಡುಗೆ, ಬಾವಿಯ ನೀರು, ಗಿಡಮರಗಳ ಆರೈಕೆಯ ಜೊತೆಗೆ ಸುಗಂಧ ತಯಾರಿಕೆಯೂ ಸೇರಿದೆ. ಹೆಸರೇ ಹೇಳುವಂತೆ ಜನರಿಗೆ ಉಪಯೋಗವಾಗಲಿ ಎಂದು ಬರೆದ ಕನ್ನಡ ಪುಸ್ತಕ ಅದು. ನೂರು ವರ್ಷದ ನಂತರ ಅದೇ ವಂಶದ ದೊರೆ ಮೂರನೆಯ ಸೋಮೇಶ್ವರ, ಇಂದಿನ ಬಸವಕಲ್ಯಾಣದಿಂದ ಆಳುತ್ತಿದ್ದವನು, ಸಂಸ್ಕೃತದಲ್ಲಿ ಮಾನಸೋಲ್ಲಾಸವನ್ನು ರಚಿಸಿದ. ಅರಸನ ಸ್ನಾನಕ್ಕೆ ಹೂವಿನ ಕಂಪು ಹತ್ತಿಸಿದ ಎಳ್ಳೆಣ್ಣೆ, ಮೈಗೆ ಪೂಸುವ ಲೇಪನ, ಮುಡಿಯುವ ಹೂಮಾಲೆ ಎಲ್ಲವೂ ಅದರಲ್ಲಿ ಬರುತ್ತವೆ.

ಈ ಹೂವಿನ ಎಳ್ಳೆಣ್ಣೆಯ ವಿಧಾನವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ತೊಳೆದು ಸಿಪ್ಪೆ ತೆಗೆದ ಎಳ್ಳನ್ನು ಹರಡಿ, ಅದರ ಮೇಲೆ ಒಂದು ಪದರ ಮಲ್ಲಿಗೆ, ಮತ್ತೆ ಎಳ್ಳು, ಮತ್ತೆ ಮಲ್ಲಿಗೆ. ಬಾಡಿದ ಹೂ ತೆಗೆದು ಹೊಸ ಹೂ ಹಾಕುತ್ತಾ ಹಲವು ದಿನ ಹೀಗೆ ಮಾಡಿದರೆ ಎಳ್ಳಿನೊಳಗಿನ ಎಣ್ಣೆ ಕಂಪನ್ನು ಹೀರಿಕೊಳ್ಳುತ್ತದೆ. ಆಮೇಲೆ ಗಾಣಕ್ಕೆ ಹಾಕಿದರೆ ಮಲ್ಲಿಗೆಯ ಎಣ್ಣೆ ಸಿದ್ಧ. ಬೆಂಕಿ ಬೇಡ, ನೀರು ಬೇಡ. ಜಿಡ್ಡು ಪರಿಮಳವನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬ ಒಂದೇ ತಿಳಿವಳಿಕೆಯ ಮೇಲೆ ನಿಂತ ವಿದ್ಯೆ ಇದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಏಕೆಂದರೆ ಈಗ ನಾವು ಫ್ರಾನ್ಸಿಗೆ ಹೋಗಲಿದ್ದೇವೆ, ಅಲ್ಲೂ ಇದೇ ಜಿಡ್ಡು ಎದುರಾಗುತ್ತದೆ.

ಗ್ರಾಸ್ ಪಟ್ಟಣದ ಗಾಜಿನ ಹಲಗೆಗಳು

ದಕ್ಷಿಣ ಫ್ರಾನ್ಸಿನ ಬೆಟ್ಟದ ಇಳಿಜಾರಿನಲ್ಲಿ ಗ್ರಾಸ್ ಎಂಬ ಊರಿದೆ. ಅಲ್ಲಿನ ಮೂಲ ಕಸುಬು ಚರ್ಮ ಹದ ಮಾಡುವುದು. ಹದ ಮಾಡಿದ ಚರ್ಮದ ನಾತ ಸಹಿಸಲಾಗದ್ದು. ಶ್ರೀಮಂತರ ಕೈಗವಸುಗಳಿಗೆ ಪರಿಮಳ ಹಾಕುವ ಪದ್ಧತಿ 16ನೇ ಶತಮಾನದಲ್ಲಿ ಬಂದಾಗ ಆ ಊರಿನ ಹಣೆಬರಹವೇ ಬದಲಾಯಿತು. ಜಾಜಿ, ಗುಲಾಬಿ, ಸುಗಂಧರಾಜದ ತೋಟಗಳು ಎದ್ದವು. ಮುಂದೆ ಚರ್ಮದ ಕಸುಬು ಹಿಂದೆ ಸರಿದು ಪರಿಮಳದ ಕಸುಬೇ ಉಳಿಯಿತು. 2018ರಲ್ಲಿ ಯುನೆಸ್ಕೋ ಗ್ರಾಸ್ ಪ್ರದೇಶದ ಪರ್ಫ್ಯೂಮ್ ಕೌಶಲವನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಬಿಳಿ ಹೂವುಗಳು ಗ್ರಾಸ್‌ನವರಿಗೆ ಒಂದು ಕಷ್ಟ ತಂದಿಟ್ಟವು. ಗುಲಾಬಿಯನ್ನು, ಲ್ಯಾವೆಂಡರನ್ನು ಹಬೆಯಲ್ಲಿ ಬಟ್ಟಿ ಇಳಿಸಬಹುದು. ಜಾಜಿ, ಸುಗಂಧರಾಜಗಳನ್ನು ಹಾಗೆ ಮಾಡಿದರೆ ಎಣ್ಣೆ ಬರುವುದೂ ಕಡಿಮೆ, ಬಿಸಿಗೆ ಕಂಪೂ ಕೆಡುತ್ತದೆ. ಇನ್ನೊಂದು ವಿಶೇಷವೆಂದರೆ ಇವೆರಡೂ ಕೊಯ್ದ ಮೇಲೂ ಜೀವಂತವಾಗಿದ್ದು ಗಂಟೆಗಟ್ಟಲೆ ಪರಿಮಳ ತಯಾರಿಸುತ್ತಲೇ ಇರುತ್ತವೆ. ಮಧ್ಯಾಹ್ನ ಕಟ್ಟಿದ ಮೊಗ್ಗು ಸಂಜೆ ತಲೆಯಲ್ಲಿ ಅರಳುವುದನ್ನು ಬಲ್ಲ ನಮಗೆ ಇದನ್ನು ಬೇರೆ ಹೇಳಬೇಕಿಲ್ಲ.

ಅದಕ್ಕೆ ಅವರು ಕಂಡುಕೊಂಡ ಉಪಾಯ ಆನ್‌ಫ್ಲರಾಜ್. ಮರದ ಚೌಕಟ್ಟಿಗೆ ಗಾಜಿನ ಹಲಗೆ ಕೂರಿಸಿ, ಅದರ ಎರಡೂ ಬದಿಗೆ ಶುದ್ಧ ಮಾಡಿದ ಪ್ರಾಣಿಗಳ ಕೊಬ್ಬನ್ನು ಬಳಿಯುತ್ತಿದ್ದರು. ಅದರ ಮೇಲೆ ಒಂದೊಂದೇ ಹೂವನ್ನು ಕೈಯಿಂದ ಇಡಬೇಕು. ಜಾಜಿಯಾದರೆ ಒಂದು ದಿನ, ಸುಗಂಧರಾಜವಾದರೆ ಎರಡು ಮೂರು ದಿನ ಬಿಟ್ಟು, ಬಾಡಿದ ಹೂವನ್ನು ಹೆಕ್ಕಿ ತೆಗೆದು ಹೊಸದನ್ನು ಇಡಬೇಕು. ಹೂವಿನ ಕಾಲ ಮುಗಿಯುವವರೆಗೆ ಇದೇ ಕೆಲಸ. ಕಂಪು ತುಂಬಿದ ಆ ಕೊಬ್ಬನ್ನು ಆಲ್ಕೋಹಾಲ್‌ನಲ್ಲಿ ಕಲಕಿ ತೊಳೆದರೆ ಹೂವಿನ ಸಾರ ಸಿಗುತ್ತಿತ್ತು. ನಮ್ಮ ಎಳ್ಳಿನ ಜಾಗದಲ್ಲಿ ಅಲ್ಲಿ ಕೊಬ್ಬು, ಅಷ್ಟೇ ವ್ಯತ್ಯಾಸ. 19ನೇ ಶತಮಾನದ ಕೊನೆಯಲ್ಲಿ ಹೂವಿನ ಸಾರವನ್ನು ರಾಸಾಯನಿಕ ದ್ರಾವಕದಿಂದ ತೆಗೆಯುವ ವಿಧಾನ ಬಂದ ಮೇಲೆ ಈ ಕೈಕೆಲಸ ನಿಧಾನವಾಗಿ ಕಣ್ಮರೆಯಾಯಿತು.

ಆದರೆ ಹೂ ಕೊಯ್ಯಲು ಯಾವ ಯಂತ್ರವೂ ಬರಲಿಲ್ಲ. ಗ್ರಾಸ್‌ನಲ್ಲಿ ಜಾಜಿಯನ್ನು ನಸುಕಿನಲ್ಲಿ, ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡು ಬಗ್ಗಿ ಕೊಯ್ಯುತ್ತಿದ್ದವರು ಹೆಚ್ಚಾಗಿ ಹೆಂಗಸರು. ಒಂದು ಕೆಜಿಗೆ ಸುಮಾರು 8,000ದಿಂದ 10,000 ಹೂ ಬೇಕು. ಒಂದು ಕೆಜಿ ಶುದ್ಧ ಸಾರಕ್ಕೆ ಸುಮಾರು 700 ಕೆಜಿ ಹೂ ಬೇಕು. ಗುಣಿಸಿ ನೋಡಿದರೆ 50 ಲಕ್ಷಕ್ಕೂ ಹೆಚ್ಚು ಹೂ. ಅಷ್ಟೂ ಸಲ ಒಂದು ಕೈ ಗಿಡಕ್ಕೂ ಬುಟ್ಟಿಗೂ ಓಡಾಡಿರುತ್ತದೆ.

ಯಾವ ಹೆಣ್ಣಿಗೆ ಯಾವ ಪರಿಮಳ?

ಈಗ ಮೂರನೆಯ ಪ್ರಶ್ನೆಗೆ ಬರೋಣ. ಮದುವೆಯಾಗದ ಹುಡುಗಿಯರು ಸಂಜೆಯ ಮೇಲೆ ಸುಗಂಧರಾಜದ ತೋಟಕ್ಕೆ ಹೋಗಬಾರದು ಎಂದು ಹಿಂದೆ ಇಟಲಿಯಲ್ಲಿ ಕಟ್ಟಳೆ ಇತ್ತಂತೆ. ಪರ್ಫ್ಯೂಮ್ ಲೋಕದಲ್ಲಿ ಎಲ್ಲರೂ ಹೇಳುವ ಕಥೆ ಇದು. ಕಥೆಯೇ ಆಗಿದ್ದರೂ ನಮಗೆ ಹೊಸದೇನಲ್ಲ. "ಮುಸ್ಸಂಜೆ ಹೊತ್ತು ಹೂ ಮುಡಿದು ಮರದಡಿ ಹೋಗಬೇಡ, ಗಾಳಿ ಸೋಕುತ್ತೆ" ಎಂದು ನಮ್ಮ ಅಜ್ಜಿಯಂದಿರೂ ಹೇಳುತ್ತಿದ್ದರಲ್ಲವೇ? ಹುಡುಗಿ, ಕತ್ತಲು, ಬಿಳಿ ಹೂವು, ಈ ಮೂರೂ ಒಂದೆಡೆ ಸೇರಿದರೆ ಹಿರಿಯರಿಗೆ ಎಲ್ಲ ಕಡೆಯೂ ಭಯವೇ.

19ನೇ ಶತಮಾನದ ಫ್ರಾನ್ಸ್, ಇಂಗ್ಲೆಂಡುಗಳಲ್ಲಿ ಇದು ಸಭ್ಯತೆಯ ನಿಯಮವೇ ಆಯಿತು. ಮರ್ಯಾದಸ್ಥ ಮನೆಯ ಹೆಣ್ಣುಮಕ್ಕಳಿಗೆ ಲ್ಯಾವೆಂಡರ್, ವಯಲೆಟ್, ಗುಲಾಬಿ ನೀರು ಸಾಕು, ಅದೂ ಕರವಸ್ತ್ರಕ್ಕೆ ಒಂದೆರಡು ಹನಿ. ಮೈಗೆ ಹಚ್ಚುವುದು ಒಳ್ಳೆಯ ಲಕ್ಷಣವಲ್ಲ. ಜಾಜಿ, ಸುಗಂಧರಾಜದಂತಹ ಗಾಢ ಪರಿಮಳಗಳು ನಾಟಕದವರಿಗೆ, ವೇಶ್ಯೆಯರಿಗೆ ಸೇರಿದ್ದು ಎಂಬ ಭಾವನೆ ಬೇರೂರಿತ್ತು. ಹೆಣ್ಣು ಕೋಣೆಗೆ ಬಂದದ್ದು ವಾಸನೆಯಿಂದ ಗೊತ್ತಾಗಬಾರದು ಎಂಬುದೇ ಈ ನಿಯಮಗಳ ಒಟ್ಟು ಸಾರ.

ನಮ್ಮಲ್ಲಿ ನಿಯಮ ಬೇರೆ ರೀತಿಯದು. ಮಲ್ಲಿಗೆ ಮುತ್ತೈದೆಯ ಲಕ್ಷಣ, ಮಂಗಳಕರ. ಮದುವಣಗಿತ್ತಿಯ ಜಡೆ ತುಂಬ ಮೊಗ್ಗಿನ ಜಡೆ, ಸೀಮಂತಕ್ಕೆ ಹೂ ಮುಡಿಸುವ ಶಾಸ್ತ್ರ, ಬಂದವರಿಗೆಲ್ಲ ಅರಿಶಿನ-ಕುಂಕುಮದ ಜೊತೆ ಒಂದು ತುಂಡು ಹೂ. ಆದರೆ ಗಂಡ ತೀರಿಕೊಂಡ ದಿನ ಆ ಹೂವನ್ನೇ ಮೊದಲು ಕಿತ್ತುಕೊಳ್ಳುತ್ತಿದ್ದರು. ಬಾಲ್ಯದಲ್ಲಿ ತಾಯಿ ಮುಡಿಸಿದ ಹೂವು ಅದು, ಗಂಡ ತಂದದ್ದೇನೂ ಅಲ್ಲ. ಆದರೂ ಅವನೊಂದಿಗೆ ಅದೂ ಹೋಗಬೇಕಿತ್ತು. ಯುರೋಪಿನಲ್ಲಿ ಬಿಳಿ ಹೂವು ಹಚ್ಚಿದವಳು ಕೆಟ್ಟವಳು, ನಮ್ಮಲ್ಲಿ ಬಿಳಿ ಹೂವು ಮುಡಿಯಬಾರದವಳು ಅಮಂಗಳೆ. ಎರಡು ಕಡೆಯೂ ಹೂವಿನ ಹಕ್ಕು ಅವಳ ಕೈಯಲ್ಲಿರಲಿಲ್ಲ.

'ಗದ್ದಲ' ಎಂಬ ಹೆಸರಿನ ಪರ್ಫ್ಯೂಮ್

20ನೇ ಶತಮಾನದಲ್ಲಿ ಪ್ಯಾರಿಸ್ಸಿನ ಉಡುಪಿನ ಮನೆಗಳು ತಮ್ಮದೇ ಪರ್ಫ್ಯೂಮ್ ಮಾರತೊಡಗಿದಾಗ ಈ ನಿಯಮ ಸಡಿಲವಾಯಿತು. 1921ರ ಶನೆಲ್ ನಂಬರ್ 5ರಲ್ಲಿ ಗ್ರಾಸ್‌ನ ಜಾಜಿ ಇತ್ತು. 1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿದು ಶ್ರೀಮಂತ ಗಿರಾಕಿಗಳು ಕೈಬಿಟ್ಟಾಗ ಜ್ಯಾಂ ಪತೂ ಎಂಬ ವಸ್ತ್ರವಿನ್ಯಾಸಕ ಹೆದರಿ ಬೆಲೆ ಇಳಿಸಲಿಲ್ಲ. 1930ರಲ್ಲಿ 'ಜಾಯ್' ಎಂಬ ಪರ್ಫ್ಯೂಮ್ ತಂದು ಅದನ್ನು ಜಗತ್ತಿನಲ್ಲೇ ದುಬಾರಿ ಎಂದು ಸಾರಿದ. ಅದರ 30 ಮಿಲಿ ಸೀಸೆಗೆ 10,600 ಜಾಜಿ ಹೂ, 28 ಡಜನ್ ಗುಲಾಬಿ ಬೇಕು ಎಂಬುದು ಕಂಪನಿಯ ಪ್ರಚಾರ. ನಮ್ಮ ಉಡುಪಿ ಶಂಕರಪುರದ ಲೆಕ್ಕದಲ್ಲಿ ಹೇಳುವುದಾದರೆ ಒಂದು ಚೆಂಡಿಗೆ 800 ಮಲ್ಲಿಗೆ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹೂವಿನ ಜಾತಿ ಬೇರೆಯಾದರೂ ಲೆಕ್ಕಕ್ಕೆ ಮೂರು ಅಟ್ಟೆಗಿಂತ ತುಸು ಹೆಚ್ಚು ಹೂ ಆ ಪುಟ್ಟ ಸೀಸೆಯೊಳಗೆ!

ಆದರೆ ಬಿಳಿ ಹೂವಿನ ಚರಿತ್ರೆಯಲ್ಲಿ ನಿಜವಾದ ತಿರುವು 1948ರ 'ಫ್ರಕಾ'. ರೊಬೇರ್ ಪಿಗೆ ಎಂಬ ವಸ್ತ್ರವಿನ್ಯಾಸಕನ ಹೆಸರಿನಲ್ಲಿ ಬಂದ ಇದನ್ನು ಸೃಷ್ಟಿಸಿದವಳು ಜರ್ಮೇನ್ ಸೆಲಿಯೆ. 1909ರಲ್ಲಿ ಬೋರ್ಡೋದಲ್ಲಿ ಹುಟ್ಟಿ ರಸಾಯನಶಾಸ್ತ್ರ ಓದಿ, ರೂರ್ ಎಂಬ ಸುಗಂಧ ಕಂಪನಿ ಸೇರಿದವಳು. ಅಪ್ಪನಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಕಸುಬು ದಾಟುತ್ತಿದ್ದ ಗಂಡಸರ ಲೋಕ ಅದು. ಅಲ್ಲಿ ಅವಳು ತನ್ನದೇ ಸೂತ್ರಗಳನ್ನು ಬರೆದಳು. ಮೃದು, ಸೌಮ್ಯ, ಹೆಣ್ಣಿಗೆ ತಕ್ಕ ಪರಿಮಳ ಎಂಬ ಕಲ್ಪನೆಗೆ ಅವಳು ಒಗ್ಗಲೇ ಇಲ್ಲ. 1944ರಲ್ಲಿ ಪಿಗೆಗಾಗಿಯೇ ಮಾಡಿದ 'ಬ್ಯಾಂಡಿಟ್' ಚರ್ಮ, ಹೊಗೆಯ ವಾಸನೆಯ ಒರಟು ಪರ್ಫ್ಯೂಮ್.

ಫ್ರೆಂಚ್‌ನಲ್ಲಿ ಫ್ರಕಾ ಎಂದರೆ ಗದ್ದಲ, ಏನೋ ಒಡೆದುಬಿದ್ದ ಸದ್ದು. ಹೆಸರಿಗೆ ತಕ್ಕಂತೆ ಸೆಲಿಯೆ ಸುಗಂಧರಾಜವನ್ನು ಹಿಂದೆ ಯಾರೂ ಹಾಕದಷ್ಟು ಧಾರಾಳವಾಗಿ ಹಾಕಿದಳು. ಅದಕ್ಕೆ ಕಿತ್ತಳೆ ಹೂವು, ಜಾಜಿ, ಗಾರ್ಡೇನಿಯಾದ ಛಾಯೆ, ಅಡಿಯಲ್ಲಿ ಶ್ರೀಗಂಧ ಮತ್ತು ಕಸ್ತೂರಿಯ ಆಸರೆ. ಯುದ್ಧ ಮುಗಿದು ಮೂರೇ ವರ್ಷವಾಗಿತ್ತು, ಕೊರತೆ ಇನ್ನೂ ನೆನಪಿನಲ್ಲಿತ್ತು. ಅಂತಹ ಹೊತ್ತಿನಲ್ಲಿ ಹೆಣ್ಣು ಬಾಗಿಲಲ್ಲಿ ನಿಂತರೆ ಕೋಣೆಯ ಆ ಮೂಲೆಯಲ್ಲಿ ಕೂತವರಿಗೂ ಗೊತ್ತಾಗುವಂತಹ ಪರಿಮಳ ಅದು. ನೂರು ವರ್ಷ ಯಾವುದು ಬೇಡ ಎಂದು ಹೇಳಿದ್ದರೋ ಅದನ್ನೇ ಒಬ್ಬ ಹೆಣ್ಣು ಸೀಸೆಗೆ ತುಂಬಿ, ಅದೇ ಅರ್ಥದ ಹೆಸರಿಟ್ಟು ಮೇಜಿನ ಮೇಲಿಟ್ಟಳು. ಇಂದಿಗೂ ಸುಗಂಧರಾಜದ ಹೊಸ ಪರ್ಫ್ಯೂಮ್ ಬಂದರೆ ಅದನ್ನು ಫ್ರಕಾದ ಜೊತೆಗೆ ಹೋಲಿಸುತ್ತಾರೆ.

ಪ್ರಯೋಗಾಲಯ, ಗದ್ದಲ, ಮೌನ, ಮತ್ತೆ ಹೂವು

ಮುಂದಿನ ಹೆಜ್ಜೆ ಇಟ್ಟದ್ದು ರಸಾಯನಶಾಸ್ತ್ರ. ಜಿನೀವಾದ ಫಿರ್ಮೆನಿಶ್ ಕಂಪನಿಯ ವಿಜ್ಞಾನಿಗಳು ಜಾಜಿಯ ಸಾರವನ್ನು ಬಿಡಿಸಿ ನೋಡುತ್ತಾ ಹೆಡಿಯೋನ್ ಎಂಬ ವಸ್ತುವನ್ನು ಮಾಡಿದರು. ಮಲ್ಲಿಗೆಯ ತೋಟದಲ್ಲಿ ಬೆಳಗಿನ ಗಾಳಿ ಬೀಸಿದಂತಹ ತಿಳಿಯಾದ ಕಂಪು ಅದರದು, ಇಂಡೋಲ್‌ನ ಭಾರ ಇಲ್ಲ. 1966ರಲ್ಲಿ ಡಿಯೋರ್‌ನ 'ಓ ಸೊವಾಜ್'ನಲ್ಲಿ ಅದು ಪ್ರಸಿದ್ಧವಾಯಿತು. ತಮಾಷೆ ಎಂದರೆ ಅದು ಗಂಡಸರ ಪರ್ಫ್ಯೂಮ್. ಹೂವು ಹೆಣ್ಣಿನದು, ಕಟ್ಟಿಗೆ ಗಂಡಿನದು ಎಂಬ ವಿಂಗಡಣೆ ಎಷ್ಟು ಹುರುಳಿಲ್ಲದ್ದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

1980ರ ದಶಕ ಮತ್ತೆ ಗದ್ದಲದ ಕಾಲ. 1981ರ 'ಜಾರ್ಜಿಯೊ ಬೆವರ್ಲಿ ಹಿಲ್ಸ್', 1985ರ ಡಿಯೋರ್ 'ಪಾಯ್ಸನ್' ಎರಡರಲ್ಲೂ ಸುಗಂಧರಾಜದ ಅಬ್ಬರ. ಇವನ್ನು ಹಚ್ಚಿಕೊಂಡವರಿಗೆ ಅಮೆರಿಕದ ಕೆಲವು ರೆಸ್ಟೋರೆಂಟುಗಳು ಪ್ರವೇಶ ನಿರಾಕರಿಸಿದ ವರದಿಗಳೂ ಬಂದವು. 1989ರಲ್ಲಿ ಗೆರ್ಲೆನ್ ಮನೆತನ 'ಸಂಸಾರ' ಎಂಬ ನಮ್ಮದೇ ಪದವನ್ನು ಹೆಸರಾಗಿಟ್ಟು ಮಲ್ಲಿಗೆಯನ್ನು ಮೈಸೂರಿನ ಶ್ರೀಗಂಧದ ಜೊತೆ ಬೆಸೆಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಗಂಧದ ಕೊರಡು ಜರ್ಮನಿಗೆ ಹೋಗುವುದು ನಿಂತಾಗ ಮೈಸೂರು ಸಂಸ್ಥಾನ ತಾನೇ ಎಣ್ಣೆ ತೆಗೆಯಲು ಕಾರ್ಖಾನೆ ಹಾಕಿದ್ದು ನಮಗೆಲ್ಲ ಗೊತ್ತು. ಆ ಎಣ್ಣೆ ಪ್ಯಾರಿಸ್ಸಿನ ಎಷ್ಟೋ ಬಿಳಿ ಹೂವಿನ ಪರ್ಫ್ಯೂಮ್‌ಗಳಿಗೆ ತಳಪಾಯವಾಗಿತ್ತು.

1990ರ ದಶಕದಲ್ಲಿ ಜನ ಈ ಅಬ್ಬರಕ್ಕೆ ಬೇಸತ್ತು ನೀರಿನಂತಹ, ಒಗೆದ ಬಟ್ಟೆಯಂತಹ ಪರಿಮಳಗಳಿಗೆ ತಿರುಗಿದರು. ಹೆಂಗಸರು ಕಚೇರಿಗಳಲ್ಲಿ ತುಂಬಿದ ಕಾಲವೂ ಅದೇ. ಆದರೆ ಬಿಳಿ ಹೂವು ಹೋಗಲಿಲ್ಲ. 1999ರಲ್ಲಿ ಕಲೀಸ್ ಬೆಕರ್ ಎಂಬಾಕೆ ಸೃಷ್ಟಿಸಿದ 'ಜಾದೋರ್' ಹೂಗಳ ಹೊಳಪನ್ನು ಮರಳಿ ತಂದಿತು. 2017ರ 'ಗುಚ್ಚಿ ಬ್ಲೂಮ್' ಅಂತೂ ಸುಗಂಧರಾಜ, ಮಲ್ಲಿಗೆ ಮತ್ತು ನಾವು ಕಾಂಪೌಂಡಿಗೆ ಹಬ್ಬಿಸುವ ರಂಗೂನ್ ಬಳ್ಳಿ, ಈ ಮೂರರ ಮೇಲೆಯೇ ನಿಂತಿದೆ.

ಮೈಮೇಲೆ ಅದು ಹೇಗೆ ನಡೆದುಕೊಳ್ಳುತ್ತದೆ?

ಬಿಳಿ ಹೂವಿನ ಪರ್ಫ್ಯೂಮ್ ಕೊಳ್ಳುವ ಯೋಚನೆ ಇರುವವರಿಗೆ ಕೆಲವು ಮಾತು. ಇದನ್ನು ಕಾಗದದ ಪಟ್ಟಿಯ ಮೇಲೆ ನೋಡಿ ತೀರ್ಮಾನ ಮಾಡಬೇಡಿ. ಹಚ್ಚಿದ ಮೊದಲ ಹತ್ತು ನಿಮಿಷ ಬರುವುದು ಆಲ್ಕೋಹಾಲ್, ನಿಂಬೆ ಜಾತಿಯ ಹುಳಿ, ಹಸಿರು ಕಡ್ಡಿಯ ವಾಸನೆ. ಹೂವು ನಿಜವಾಗಿ ಅರಳುವುದು ಅರ್ಧ ಗಂಟೆಯ ನಂತರ, ಮೈಬಿಸಿಗೆ. ಸುಗಂಧರಾಜದ ಬೆಣ್ಣೆಯಂತಹ ಗುಣ, ಮಲ್ಲಿಗೆಯ ಭಾರ ಎಲ್ಲವೂ ಆಗಲೇ ಹೊರಬರುವುದು. ಮೂರು ನಾಲ್ಕು ಗಂಟೆಯ ಮೇಲೆ ಹೂವು ತಗ್ಗಿ ಶ್ರೀಗಂಧ, ಕಸ್ತೂರಿ ಮಾದರಿಯ ಅಡಿಪರಿಮಳ ಉಳಿಯುತ್ತದೆ. ಬಟ್ಟೆಯ ಮೇಲೆ ಅದು ಮರುದಿನದವರೆಗೂ ನಿಲ್ಲಬಹುದು. ಹಾಗಾಗಿ ಮಣಿಕಟ್ಟಿಗೆ ಹಾಕಿಸಿಕೊಂಡು, ಒಂದು ಸುತ್ತು ತಿರುಗಾಡಿ, ಮನೆಗೆ ಬಂದು, ಸಂಜೆ ಮತ್ತೊಮ್ಮೆ ಮೂಸಿ ನೋಡಿ. ಇಷ್ಟವಾದರೆ ಮಾತ್ರ ಕೊಳ್ಳಿ.

ನಮ್ಮ ಹವೆಗೆ ಪ್ರಮಾಣ ಕಡಿಮೆ ಸಾಕು. ಸೆಕೆಯಲ್ಲಿ ಎಲ್ಲವೂ ಬೇಗ ಆವಿಯಾಗುವುದರಿಂದ ಪರಿಮಳ ಜೋರಾಗಿ ಹರಡುತ್ತದೆ. ಮುಂಬಯಿ, ಚೆನ್ನೈನ ಮೇ ತಿಂಗಳಲ್ಲಿ ಎರಡು ಸಲ ಸಿಂಪಡಿಸಿದರೆ ಡಿಸೆಂಬರಿನ ದೆಹಲಿಯಲ್ಲಿ ನಾಲ್ಕು ಸಲ ಸಿಂಪಡಿಸಿದಂತೆ ಅನ್ನಿಸಬಹುದು. 'ಓ ದ ಪರ್ಫ್ಯೂಮ್' ಎಂದು ಬರೆದದ್ದರಲ್ಲಿ ಸುಗಂಧದ ಪ್ರಮಾಣ ಸಾಮಾನ್ಯವಾಗಿ ಶೇಕಡಾ 15ರಿಂದ 20, 'ಓ ದ ಟಾಯ್ಲೆಟ್' ಎಂದಿರುವುದರಲ್ಲಿ ಅದಕ್ಕಿಂತ ಕಡಿಮೆ. ನಮ್ಮ ಮೂಗು ಒಂದೇ ವಾಸನೆಗೆ ಬೇಗ ಒಗ್ಗಿಹೋಗುತ್ತದೆ. "ಹೋಯಿತಲ್ಲ" ಎಂದು ಮತ್ತೆ ಮತ್ತೆ ಹಾಕಿಕೊಂಡರೆ ಪಕ್ಕದ ಸೀಟಿನವರಿಗೆ ತಲೆನೋವು. ಎಸಿ ಕಚೇರಿಯಲ್ಲಿ, ಆಸ್ಪತ್ರೆಗೆ ಹೋಗುವಾಗ ಇದು ನೆನಪಿರಲಿ. ರೇಷ್ಮೆ ಸೀರೆಯ ಮೇಲೆ, ಮುತ್ತಿನ ಸರದ ಮೇಲೆ ನೇರವಾಗಿ ಸಿಂಪಡಿಸಬೇಡಿ, ಕಲೆಯಾಗುತ್ತದೆ. ಮೊದಲು ಮೈಗೆ ಹಚ್ಚಿ, ಆರಿದ ಮೇಲೆ ಸೀರೆ ಉಡಿ.

ಕೊಯ್ಯುವ ಕೈ, ಮುಡಿಯುವ ತಲೆ

ಇಂದು ಗ್ರಾಸ್‌ನಲ್ಲಿ ಹೂವಿನ ಹೊಲ ಬೆರಳೆಣಿಕೆಯಷ್ಟು. ಜಗತ್ತಿನ ಪರ್ಫ್ಯೂಮ್‌ಗಳಿಗೆ ಬೇಕಾದ ಮಲ್ಲಿಗೆ, ಜಾಜಿ, ಸುಗಂಧರಾಜದ ಸಾರದ ದೊಡ್ಡ ಪಾಲು ಹೋಗುವುದು ನಮ್ಮ ದಕ್ಷಿಣ ಭಾರತದಿಂದ. ಮದುರೆ, ಕೊಯಮತ್ತೂರು, ಸತ್ಯಮಂಗಲದ ಸುತ್ತ, ಮೈಸೂರಿನ ಕಡೆಯೂ ಹೂ ಬೆಳೆಯುತ್ತಾರೆ. ಬೆಳಿಗ್ಗೆ ಮಾರುಕಟ್ಟೆಯಲ್ಲಿ ಮಾಲೆಯ ವ್ಯಾಪಾರಿಗಳಿಗೂ ಸಾರ ತೆಗೆಯುವ ಕಾರ್ಖಾನೆಗಳಿಗೂ ಒಂದೇ ಹೂವಿಗಾಗಿ ಪೈಪೋಟಿ. ಮದುವೆಯ ಕಾಲದಲ್ಲಿ ಬೆಲೆ ಏರಿದರೆ ಹೂವು ಜಡೆಗೆ ಹೋಗುತ್ತದೆ, ಬೆಲೆ ಇಳಿದಾಗ ಕಾರ್ಖಾನೆಗೆ. ಕತ್ತಲಿರುವಾಗಲೇ ತಲೆಗೆ ಬ್ಯಾಟರಿ ದೀಪ ಕಟ್ಟಿಕೊಂಡು ಕೊಯ್ಯುವವರಲ್ಲಿ ಹೆಚ್ಚಿನವರು ಇಲ್ಲೂ ಹೆಂಗಸರೇ, ಕೂಲಿ ಸಿಗುವುದು ಕೊಯ್ದ ತೂಕಕ್ಕೆ. ಸೀಸೆಯ ಮೇಲೆ ಪ್ಯಾರಿಸ್ ಎಂದು ಬರೆದಿದ್ದರೂ ಅದರೊಳಗೆ ಇವರ ನಿದ್ದೆಗೆಟ್ಟ ಮುಂಜಾವು ಇದೆ.

ಇನ್ನೊಂದು ವಿಪರೀತವನ್ನು ನಾವೇ ದಿನವೂ ನೋಡುತ್ತೇವೆ. ದೊಡ್ಡ ನಗರಗಳ ಕಚೇರಿಗೆ ಒಂದು ಮೊಳ ಮಲ್ಲಿಗೆ ಮುಡಿದು ಹೋದರೆ "ಏನು, ಇವತ್ತು ಮನೆಯಲ್ಲಿ ಹಬ್ಬವಾ?" ಎಂಬ ಪ್ರಶ್ನೆ ಬರುತ್ತದೆ. ಅದೇ ಮಲ್ಲಿಗೆಯನ್ನು ಸಾವಿರಾರು ರೂಪಾಯಿ ಕೊಟ್ಟು ಸೀಸೆಯಿಂದ ಹಚ್ಚಿಕೊಂಡು ಹೋದರೆ "ಯಾವ ಬ್ರ್ಯಾಂಡ್?" ಎಂಬ ಪ್ರಶ್ನೆ. ಮೊದಲನೆಯದು ಹಳ್ಳಿತನ, ಎರಡನೆಯದು ಅಭಿರುಚಿ. ಹೂವಿನೊಳಗಿನ ಇಂಡೋಲ್‌ಗಂತೂ ಈ ವ್ಯತ್ಯಾಸ ತಿಳಿಯದು.

ಸೀಸೆಯ ಪರಿಮಳ ಕೊಟ್ಟ ಒಂದು ಸ್ವಾತಂತ್ರ್ಯವನ್ನು ಮಾತ್ರ ಒಪ್ಪಲೇಬೇಕು. ಅದು ಯಾರನ್ನೂ ಜಾತಕ ಕೇಳುವುದಿಲ್ಲ. ಮದುವೆಯಾದವಳು, ಆಗದವಳು, ಬಿಟ್ಟವಳು, ಗಂಡನನ್ನು ಕಳೆದುಕೊಂಡವಳು, ಯಾರು ಹಚ್ಚಿದರೂ ಅದು ಅಷ್ಟೇ ಅರಳುತ್ತದೆ. ಹೂವಿನ ತಟ್ಟೆಗೆ ಆ ಗುಣ ಇನ್ನೂ ಪೂರ್ತಿ ಬಂದಿಲ್ಲ. ನಮ್ಮ ಕನ್ನಡ ಸಂಘಗಳ ಅರಿಶಿನ-ಕುಂಕುಮದ ಕಾರ್ಯಕ್ರಮಗಳಲ್ಲಿ ತಟ್ಟೆ ಕೆಲವರ ಮುಂದೆ ನಿಲ್ಲದೆ ಸರಿದುಹೋಗುವುದನ್ನೂ, ಕೆಲವು ಹಿರಿಯರು ತಾವಾಗಿಯೇ ಎದ್ದು ಹಿಂದಿನ ಸಾಲಿಗೆ ಹೋಗಿ ಕೂರುವುದನ್ನೂ ನಾವು ಕಂಡಿಲ್ಲ ಎಂದು ಹೇಳಲಾಗುವುದಿಲ್ಲ. ಜರ್ಮೇನ್ ಸೆಲಿಯೆ ಫ್ರಾನ್ಸಿನ ನಿಯಮ ಮುರಿದು ಮುಕ್ಕಾಲು ಶತಮಾನ ದಾಟಿತು. ನಮ್ಮ ನಿಯಮವನ್ನು ಮುರಿಯಲು ಪ್ರಯೋಗಾಲಯ ಬೇಡ, ತಟ್ಟೆ ಹಿಡಿದವರು ಒಂದು ಹೆಜ್ಜೆ ಹೆಚ್ಚು ಇಟ್ಟರೆ ಸಾಕು.

ಈ ವರ್ಷದ ನವರಾತ್ರಿಗೆ ನಮ್ಮ ಮಹಿಳಾ ವೇದಿಕೆಯ ಸಮಿತಿ ಇದನ್ನು ಯೋಚಿಸಲಿ ಎಂಬುದು ನನ್ನ ವಿನಂತಿ. ಹೂ ತರುವಾಗ ಬಂದವರ ತಲೆ ಎಣಿಸಿ ತರೋಣ, ಯಾರ್ಯಾರಿಗೆ ಎಂದು ಬೇರೆ ಬೇರೆ ಎಣಿಸುವುದು ಬೇಡ. ತೆಗೆದುಕೊಳ್ಳುವುದೂ ಬಿಡುವುದೂ ಅವರವರ ಇಷ್ಟ. ತಟ್ಟೆ ಮಾತ್ರ ಎಲ್ಲರ ಮುಂದೆ ಒಂದೇ ಹೊತ್ತು ನಿಲ್ಲಲಿ.